ಹೊಳೆಬಾಗಿಲಿನ ಆಚೆ

ನಾಲ್ಕು ದಿನ ಊರಲ್ಲಿರಲಿಲ್ಲ. ಬಂದ ಮರುದಿನ ಬೆಳಿಗ್ಗೆ ದಾಸವಾಳದ ಗಿಡಕ್ಕೆ ನೀರು ಹಾಕುತ್ತಿದ್ದೆ. ಪಕ್ಕದ ಮನೆಯ ಅಕ್ಕ ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ, "ಏನಣ್ಣ, ಬೀಗ ಹಾಕ್ಕೊಂಡು ಎಲ್ಲಿಗೆ ಹೋಗಿದ್ರಿ? ಹಾಲಿನವನು ನನ್ನ ಕೇಳ್ದ" ಅಂದರು.

ಕಮ್ಮನಹಳ್ಳಿಯಲ್ಲಿ ಎದೆಮಟ್ಟದ ಗೋಡೆ ಉಳಿದಿರುವ ಮನೆಗಳು ಈಗ ಕಮ್ಮಿ. ಮೇನ್ ರೋಡಿನ ಕಡೆ ಹೋದರೆ ಕೆಳಗೆ ಅಂಗಡಿ, ಮೇಲೆ ಹೋಟೆಲು, ಅದರ ಮೇಲೆ ಪಿ.ಜಿ. ನಮ್ಮ ಸಂದಿಯಲ್ಲಿ ಮಾತ್ರ ಈ ಗೋಡೆ ಹಾಗೇ ಇದೆ. ಕರಿಬೇವು, ಹೆಪ್ಪಿಗೆ ಮೊಸರು, ಮದುವೆ ಕಾಗದ ಎಲ್ಲ ಇದರ ಮೇಲೆಯೇ ಆಚೀಚೆ ಓಡಾಡಿವೆ. ಅಕ್ಕ ಇಲ್ಲೇ ಹುಟ್ಟಿದವರು, ಇದು ನಿಜವಾಗಿ ಹಳ್ಳಿಯಾಗಿದ್ದ ಕಾಲದಲ್ಲಿ.

"ಸಾಗರದ ಕಡೆಗೆ ಹೋಗಿದ್ದೆ ಅಕ್ಕ. ಫ್ಯಾಕ್ಟರಿ ಗೆಳೆಯರೆಲ್ಲ ಸೇರಿ."

"ಅದೇ ಆ ಹೊಳೆ ದಾಟಿ ಹೋಗೋ ಊರಾ? ಪ್ರತಿ ಸಲ ಹಲಸಿನ ಹಪ್ಪಳ ತರ್ತಿದ್ರಲ್ಲ?"

ಅದೇ ಊರು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್‌ನಲ್ಲಿ ನಾವು ಐದು ಜನ ಒಂದೇ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದೆವು. ಒಬ್ಬ ಹಲಸೂರಿನವನು, ಒಬ್ಬ ಲಿಂಗರಾಜಪುರ, ಒಬ್ಬ ಕೆ.ಆರ್. ಪುರ, ನಾನು, ಐದನೆಯವನು ಶರಾವತಿ ಹಿನ್ನೀರಿನ ಆಚೆ ದಡದ ಕರೂರು ಸೀಮೆಯವನು. ಟ್ರಾನ್ಸ್‌ಫಾರ್ಮರಿಗೆ ಅವನ ಕೈಯ ವೈಂಡಿಂಗ್ ಅಂದರೆ ಮೇಲಿನವರು ಎರಡನೇ ಸಲ ನೋಡುತ್ತಿರಲಿಲ್ಲ. 1984ರ ಡಿಸೆಂಬರಿನಲ್ಲಿ ಮೊದಲ ಸಲ ನಮ್ಮನ್ನೆಲ್ಲ ಅವನ ಊರಿಗೆ ಕರೆದುಕೊಂಡು ಹೋದ. ಆಮೇಲೆ ಎಷ್ಟು ಸಲ ಹೋದೆವೋ ಲೆಕ್ಕವಿಲ್ಲ. 2002ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಅವನು ತೋಟ, ಗದ್ದೆ ನೋಡಿಕೊಳ್ಳಲು ಊರಿಗೇ ಹೋಗಿಬಿಟ್ಟ. ನಾವು ಮದುವೆ, ಸಾವು ಅಂತ ಒಬ್ಬೊಬ್ಬರೇ ಹೋಗಿ ಬಂದಿದ್ದು ಉಂಟು. ಐದು ಜನವೂ ಒಟ್ಟಿಗೆ ಆ ಜಗಲಿಯಲ್ಲಿ ಕೂತದ್ದು ಇಪ್ಪತ್ತು ವರ್ಷಗಳಲ್ಲಿ ಇದೇ ಮೊದಲು. ಭೂಮಿ ಹುಣ್ಣಿಮೆಗೆ ಬರಲೇಬೇಕು, ಸೇತುವೆಯೂ ಆಗಿದೆ, ಇನ್ನು ನೆಪ ಹೇಳಬೇಡಿ ಅಂತ ಫೋನಿನಲ್ಲಿ ಕೂಗಾಡಿದ.

ಆಗ ಹೋಗುತ್ತಿದ್ದ ದಾರಿ ಬೇರೆ. ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಾಗ ಸಾಗರ. ಅಲ್ಲಿಂದ ಆವಿನಹಳ್ಳಿ ಮೇಲೆ ಹೊಳೆಬಾಗಿಲಿಗೆ ಇನ್ನೊಂದು ಬಸ್ಸು. ಹೊಳೆಬಾಗಿಲು ಅಂದರೆ ರಸ್ತೆ ಮುಗಿದು ನೀರು ಶುರುವಾಗುವ ಜಾಗ. ಅಲ್ಲಿ ನಿಂತು ಲಾಂಚಿಗೆ ಕಾಯಬೇಕು. ಅದು ಆಚೆ ದಡ ಬಿಟ್ಟದ್ದು ಮೊದಲು ಒಂದು ಚುಕ್ಕೆಯ ಹಾಗೆ ಕಾಣುತ್ತಿತ್ತು. ಹತ್ತಿರ ಬರುವ ಹೊತ್ತಿಗೆ ನಮ್ಮ ಜೊತೆ ಕಾಯುತ್ತಿದ್ದವರ ಮನೆಮಠ, ಅಡಿಕೆ ರೇಟು, ಯಾರ ಮಗಳಿಗೆ ಎಲ್ಲಿ ಗಂಡು ನೋಡಿದ್ದಾರೆ ಎಲ್ಲ ಗೊತ್ತಾಗಿರುತ್ತಿತ್ತು. ಆ ಸೀಮೆಯ ಪರಿಚಯ ನನಗಾದದ್ದು ಊರಿನೊಳಗಲ್ಲ, ಆ ದಡದಲ್ಲಿ. ಹಲಸೂರಿನ ಗೆಳೆಯನಿಗೆ ನೀರೆಂದರೆ ಭಯ. ಮೊದಲ ಸಲ ಲಾಂಚಿನ ಕಂಬ ತಬ್ಬಿಕೊಂಡವನು ಆಚೆ ದಡ ಮುಟ್ಟುವ ತನಕ ಕಣ್ಣು ಬಿಡಲಿಲ್ಲ. ಹಾಲಿನ ಕ್ಯಾನು ಇಟ್ಟುಕೊಂಡು ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ದಾರಿಯುದ್ದಕ್ಕೂ ಅವನ ತೋಳು ಹಿಡಿದುಕೊಂಡಿದ್ದರು.

ಈ ಸಲ ರಾತ್ರಿ ತಾಳಗುಪ್ಪ ರೈಲಿಗೆ ಹೊರಟು ಬೆಳಿಗ್ಗೆ ಸಾಗರದಲ್ಲಿ ಇಳಿದೆವು. ಗೆಳೆಯನ ಮಗ ಕಾರು ತಂದಿದ್ದ. ಹೊಳೆಬಾಗಿಲು ಬಂತು ಅನ್ನುವಷ್ಟರಲ್ಲಿ ಕಾರು ಸೇತುವೆ ಮೇಲಿತ್ತು. 2025ರ ಜುಲೈ 14ರಂದು ಉದ್ಘಾಟನೆಯಾದ ಕೇಬಲ್ ಸೇತುವೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಉದ್ದ ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಸಿಗಂದೂರು ಚೌಡೇಶ್ವರಿಗೆ ಹೋಗುವ ಭಕ್ತರ ಕಾರು, ಟೆಂಪೋ ಒಂದರ ಹಿಂದೊಂದು. ನಾಲ್ಕೈದು ನಿಮಿಷದಲ್ಲಿ ಆಚೆ ಬಂದೆವು. ಆಗ ಹಿಂದಿನ ಸೀಟಿನಿಂದ, "ಲಾಂಚು ಇಲ್ವೇನೋ?" ಅಂತ ಕೇಳಿದವನು ಹಲಸೂರಿನವನೇ. ದಡದಲ್ಲಿ ಕಟ್ಟಿಹಾಕಿದ್ದ ಲಾಂಚನ್ನು ಹುಡುಗ ಕೈತೋರಿಸಿದ. ಕಾರು ನಿಲ್ಲಿಸಿ ನಾಲ್ಕೂ ಜನ ಇಳಿದು ನೋಡಿದೆವು. ಯಾರೂ ಮಾತಾಡಲಿಲ್ಲ.

ನನಗೂ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಆ ಮಾತು ಎತ್ತಿದೆ. ಗೆಳೆಯನ ಹೆಂಡತಿ ಒಳಗಿನಿಂದ ಬಂದು ಕಂಬಕ್ಕೆ ಒರಗಿ ಕೂತರು. "ನಿಮಗೆ ಲಾಂಚು ಅಂದ್ರೆ ವರ್ಷಕ್ಕೊಂದು ದಿನ. ನಮ್ಮ ನಾದಿನಿಗೆ ಹೆರಿಗೆ ನೋವು ಬಂದಾಗ ಕಡೇ ಲಾಂಚು ಹೋಗಿ ಎರಡು ಗಂಟೆ ಆಗಿತ್ತು. ಬೆಳಗಾಗೋ ತನಕ ದಡದಲ್ಲಿ ಲಾಟೀನು ಇಟ್ಕೊಂಡು ಕೂತಿದ್ವಿ. ಪುಣ್ಯ, ತಾಯಿ ಮಗು ಇಬ್ಬರೂ ಉಳಿದ್ರು" ಅಂದರು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಲಾಂಚು ವಾಹನ ಹತ್ತಿಸಿಕೊಳ್ಳುತ್ತಿರಲಿಲ್ಲ. ಗೊಬ್ಬರದ ಚೀಲಕ್ಕೂ, ಆಸ್ಪತ್ರೆಗೂ, ಕಾಲೇಜಿಗೂ ಪರದಾಟ. ಇದನ್ನೆಲ್ಲ ನಾನು ಹಿಂದೆಯೂ ಕೇಳಿದ್ದೆ. ಆ ರಾತ್ರಿ ಅವರ ಬಾಯಿಂದ ಕೇಳಿದ ಮೇಲೆ ಲಾಂಚಿನ ಮಾತು ಮತ್ತೆ ಎತ್ತಲಿಲ್ಲ.

"ಅಲ್ಲಣ್ಣ, ಅಷ್ಟು ಕಷ್ಟ ಇದ್ರೆ ಅವರ ಹಿರೀಕರು ನೀರಿನ ನಡುವೆ ಹೋಗಿ ಯಾಕೆ ಮನೆ ಕಟ್ಕೊಂಡ್ರು?" ಅಂತ ಅಕ್ಕ ಕೇಳಿದರು.

ಅವರು ನೀರಿನ ಕಡೆಗೆ ಹೋದದ್ದಲ್ಲ, ನೀರೇ ಅವರ ಕಡೆಗೆ ಬಂದದ್ದು. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಸಮುದ್ರ ಸೇರುವ ಹೊಳೆ. ಜೋಗದ ವಿದ್ಯುತ್ತಿಗೆ ಮೊದಲು ಹಿರೇಭಾಸ್ಕರದಲ್ಲಿ ಒಂದು ಅಣೆಕಟ್ಟು ಕಟ್ಟಿದರು. ಜನ ಮಡೆನೂರು ಡ್ಯಾಮು ಅನ್ನುತ್ತಾರೆ. ಅದು ಸಾಲದೆಂದು ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡದು ಬಂತು, 1964ರಲ್ಲಿ. 151 ಟಿಎಂಸಿ ನೀರು ನಿಂತಾಗ ಹಳೆಯ ಅಣೆಕಟ್ಟೇ ಹೊಸ ನೀರಿನಲ್ಲಿ ಮುಳುಗಿತು. ಅದರ ಜೊತೆಗೆ ಊರು, ಗದ್ದೆ, ತೋಟ, ದೇವರ ಬನ. ಎಷ್ಟೋ ಮನೆಗಳವರನ್ನು ಲಾರಿಯಲ್ಲಿ ಕೂರಿಸಿ ಬೇರೆ ಬೇರೆ ಕಾಡುಗಳಲ್ಲಿ ಇಳಿಸಿದರು. ಅವರ ಮೊಮ್ಮಕ್ಕಳು ಇವತ್ತಿಗೂ ಭೂಮಿಯ ಹಕ್ಕಿಗಾಗಿ ಓಡಾಡುತ್ತಿದ್ದಾರೆ. ನನ್ನ ಗೆಳೆಯನ ಅಪ್ಪನಿಗೆ ಗುಡ್ಡದ ಮೇಲುಭಾಗದಲ್ಲಿ ಸ್ವಲ್ಪ ಜಾಗ ಮುಳುಗದೆ ಉಳಿದಿತ್ತು. ಮನೆಯ ಬಾಗಿಲು, ಕಂಬ, ಹಂಚು ಬಿಚ್ಚಿಕೊಂಡು ಹೋಗಿ ಅಲ್ಲಿ ಕಟ್ಟಿದರು. ಗಾಡಿ ಕಟ್ಟಿಕೊಂಡು ಸಾಗರದ ಪೇಟೆಗೆ ಹೋಗುತ್ತಿದ್ದವರು ಮಳೆಗಾಲ ಮುಗಿಯುವಷ್ಟರಲ್ಲಿ ದ್ವೀಪದವರಾದರು.

ಈ ಮುಳುಗಡೆಯ ಸಂಕಟವನ್ನು ಹತ್ತಿರದಿಂದ ಕಂಡು ಬರೆದವರು ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದು ಶರಾವತಿ ಯೋಜನೆಯನ್ನು ಒಳಗಿನಿಂದಲೇ ನೋಡಿದವರು. ಅವರ 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. 2025ರ ಜನವರಿಯಲ್ಲಿ ಡಿಸೋಜ ತೀರಿಕೊಂಡರು, ಸೇತುವೆಯಾದದ್ದು ಜುಲೈಯಲ್ಲಿ. ಆ ಆರು ತಿಂಗಳನ್ನು ನೆನೆದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅವರು ಒಂದು ಸಲ ಅದರ ಮೇಲೆ ನಡೆಯಬೇಕಿತ್ತು.

ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯಂತ್ರಗಳು, ಒಟ್ಟು 1035 ಮೆಗಾವಾಟ್. ಆ ಕರೆಂಟು ಬೆಂಗಳೂರಿಗೆ ಬಂತು, ನಮ್ಮ ಕಾರ್ಖಾನೆಗಳು ನಡೆದವು. ಪಾಳಿಯಲ್ಲಿ ಒಂದು ರಾತ್ರಿ ಚಹಾ ಕುಡಿಯುತ್ತಾ ನನ್ನ ಗೆಳೆಯ ತಲೆಯ ಮೇಲಿನ ದೀಪ ತೋರಿಸಿ, "ಇದು ನಮ್ಮ ಗದ್ದೇದು ಕಣೋ" ಅಂದಿದ್ದ. ಮಾತಿನಲ್ಲಿ ಸಿಟ್ಟಿರಲಿಲ್ಲ. ತನ್ನ ಗದ್ದೆಯ ಬೆಳಕಿನಲ್ಲಿ ಕೂತು ಅವನು ಇಪ್ಪತ್ತು ವರ್ಷ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತಿದ. ನಾವು ಅವನ ಊರನ್ನು ಚಂದ ಅಂತ ಪ್ರೀತಿಸಿದ್ದು ನಿಜ. ಆ ಮಾತು ಕೇಳಿದ ಮೇಲೆ ಆ ಪ್ರೀತಿಗೆ ಋಣವೂ ಸೇರಿತು. ಮಳೆಯಿರಲಿ, ಮೊಣಕಾಲು ನೋಯಲಿ, ಕರೆದಾಗ ಹೋಗಬೇಕು ಅನ್ನಿಸುವುದು ಅದಕ್ಕೇ.

"ಹುಣ್ಣಿಮೆ ಹಬ್ಬ ಹೆಂಗೆ ಮಾಡ್ತಾರೆ?" ಅಕ್ಕನಿಗೆ ಹಬ್ಬದ ಸುದ್ದಿ ಇಷ್ಟ.

ಭೂಮಿ ಹುಣ್ಣಿಮೆಯನ್ನೇ ಸೀಗೆ ಹುಣ್ಣಿಮೆ ಅಂತಲೂ ಅನ್ನುತ್ತಾರೆ. ಆ ಹೊತ್ತಿಗೆ ಭತ್ತ ಹೊಡೆ ತುಂಬಿರುತ್ತದೆ. ಬಸುರಿಗೆ ಬಯಕೆ ಊಟ ಹಾಕುವ ಹಾಗೆ ಭೂಮಿಗೆ ಬಡಿಸುವುದು. ಗೆಳೆಯನ ಮನೆಯವರು ದೀವರು. ಅವರಲ್ಲಿ ಇದಕ್ಕೆ ಇರುವ ಸಂಭ್ರಮ ಬೇರೆ ಯಾವ ಹಬ್ಬಕ್ಕೂ ಇಲ್ಲ. ಒಂದು ವಾರ ಮೊದಲೇ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿಸಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚ ಅಂದರೆ ಪುಂಡಿ ನಾರು. ಗೆರೆಯ ಪಕ್ಕ ಗೆರೆ, ಅಷ್ಟು ಸಣ್ಣದು, ಅಷ್ಟು ನೇರ. ಕೆ.ಆರ್. ಪುರದ ಗೆಳೆಯ ಡ್ರಾಯಿಂಗ್ ವಿಭಾಗದಲ್ಲಿದ್ದವನು. ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಸ್ಕೇಲು ಹಿಡಿದ್ರೂ ನನಗೆ ಇಷ್ಟು ನೀಟಾಗಿ ಬರ್ತಿರಲಿಲ್ಲ" ಅಂದ. ಆ ಬುಟ್ಟಿ ಬರೆದದ್ದು ಗೆಳೆಯನ ಸೊಸೆ. ಶಿವಮೊಗ್ಗದಲ್ಲಿ ಬಿ.ಕಾಂ. ಓದಿದ ಹುಡುಗಿ, ಅತ್ತೆಯಿಂದ ಕಲಿತಿದ್ದಾಳೆ.

ರಾತ್ರಿಯಿಡೀ ಅಡುಗೆ. ಕೊಟ್ಟೆ ಕಡುಬು, ಕೆಂಪಕ್ಕಿ ಅನ್ನ, ಕಾಡಿನ ಬೆರಕೆ ಸೊಪ್ಪಿನ ಪಲ್ಯ. ಬೆಳಕು ಹರಿಯುವ ಮೊದಲೇ ಗೆಳೆಯ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಮುಂದೆ, ಟಾರ್ಚು ಹಿಡಿದು ನಾವು ಹಿಂದೆ. ಗದ್ದೆ ಬದುವಿನಲ್ಲಿ ಇಬ್ಬನಿ. ಭತ್ತದ ಹೊಡೆಯ ವಾಸನೆ ಹಾಲಿನ ವಾಸನೆಯ ಹಾಗಿರುತ್ತದೆ, ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಅವನು ತುತ್ತು ತುತ್ತಾಗಿ ಗದ್ದೆಗೆ ಎರಚುತ್ತಾ ಭೂಮಿತಾಯಿಯನ್ನು ಉಣ್ಣಲು ಕರೆದ. ಲಿಂಗರಾಜಪುರದವನು ಟೋಪಿ ತೆಗೆದು ಕೈಮುಗಿದು ನಿಂತಿದ್ದ. ಪೂಜೆಯಾಗಿ, ಗದ್ದೆಯ ಅಂಚಿನಲ್ಲೇ ಬಾಳೆಲೆ ಹಾಕಿ ಕೂತೆವು. ಕೆಳಗೆ ಅಂಗೈ ಅಗಲದ ಜಾಗವೂ ಬಿಡದೆ ತುಂಬಿದ ಹಿನ್ನೀರು, ಅದರ ಮೇಲೆ ಮಂಜು. ನಾವು ಐವರೂ ಹರಟಿದ್ದು ಏನು ಅಂತ ಕೇಳಿದರೆ ಹೇಳುವಂಥದ್ದು ಏನೂ ಇಲ್ಲ. ಕ್ಯಾಂಟೀನಿನ ಉಪ್ಪಿಟ್ಟು, ಒಬ್ಬರಿಗೊಬ್ಬರು ಸಾಲ ಕೊಟ್ಟ ನೂರು ರೂಪಾಯಿ, ಯಾರ ಮೊಮ್ಮಗ ಯಾವ ದೇಶದಲ್ಲಿದ್ದಾನೆ. ಬಿಸಿಲು ಏರುವ ತನಕ ಏಳಲು ಯಾರಿಗೂ ಮನಸ್ಸಾಗಲಿಲ್ಲ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬೇಸಿಗೇಲಿ ನೀರು ಇಳಿದಾಗ ಅವರ ಹಳೇ ಗದ್ದೆ ಕಾಣುತ್ತಾ?" ಅಂತ ಕೇಳಿದರು.

ಕಾಣುತ್ತದೆ. ಮಡೆನೂರಿನ ಅಣೆಕಟ್ಟೇ ಮೇಲೆ ಬರುತ್ತದೆ, ಅದರ ದೊಡ್ಡ ದೊಡ್ಡ ಸೈಫನ್ನುಗಳ ಸಮೇತ. ಮರದ ಬೊಡ್ಡೆಗಳು ಕಪ್ಪಗೆ ನಿಂತಿರುತ್ತವೆ. ಗೆಳೆಯನ ಅಪ್ಪ ಬದುಕಿರುವ ತನಕ ಪ್ರತಿ ಬೇಸಿಗೆಯಲ್ಲೂ ಕೆಳಗಿಳಿದು ಹೋಗಿ ಮನೆಯ ಮೆಟ್ಟಿಲುಗಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು ಬರುತ್ತಿದ್ದರು.

"ನಮ್ಮಪ್ಪನ ರಾಗಿ ಹೊಲ ಲೇಔಟಿಗೆ ಹೋಯ್ತಲ್ಲ, ಅದು ಯಾವ ಬೇಸಿಗೇಲೂ ಕಾಣಲ್ಲ ಕಣಣ್ಣ. ಬಾವಿ ಇದ್ದ ಜಾಗ ಯಾವ ಕ್ರಾಸಿಗೆ ಬರುತ್ತೆ ಅಂತ್ಲೂ ನಂಗೆ ಈಗ ಗೊತ್ತಾಗಲ್ಲ." ಗೋಡೆಯ ಮೇಲಿಟ್ಟಿದ್ದ ಹಪ್ಪಳದ ಕಟ್ಟನ್ನು ಎತ್ತಿಕೊಂಡರು. "ಬೇಸಿಗೇಲಿ ಹೋಗೋದಾದ್ರೆ ಹೇಳಿ. ನಾನೂ ಬರ್ತೀನಿ. ಆ ಮೆಟ್ಟಿಲು ನೋಡ್ಬೇಕು."

ಸಂಜೆ ಗೆಳೆಯನಿಗೆ ಫೋನು ಮಾಡಿ ಹೇಳಿದೆ. ಮೇ ತಿಂಗಳಲ್ಲಿ ಕರ್ಕೊಂಡು ಬಾ ಅಂದ. ಮನೆಯಿಂದ ಕೆಳಗಿನ ತನಕ ನಡೆಯಬೇಕಾಗುತ್ತೆ, ಅಕ್ಕನ ಕಾಲು ಗಟ್ಟಿ ಇದೆ ತಾನೆ ಅಂತ ಎರಡು ಸಲ ಕೇಳಿದ.