ಪ್ರಾಗ್ಮಾ ರಾಯರು

ಒರಾಕಲ್ ಡೇಟಾಬೇಸ್ ನಂಬಿಕೊಂಡ ಯಾವ ಹಳೆಯ ಕಚೇರಿಗೆ ಹೋದರೂ ಒಬ್ಬ ಪ್ರಾಗ್ಮಾ ರಾಯರು ಇದ್ದೇ ಇರುತ್ತಾರೆ. ಬೆಂಗಳೂರಿನಲ್ಲಂತೂ ಮಹಡಿಗೊಬ್ಬರು. ಗುರುತು ಹಿಡಿಯುವುದು ಸುಲಭ, ಮಾತಿಗೆ ಮೊದಲು "ನಾನು ಅವತ್ತೇ ಮೇಲ್ ಹಾಕಿದ್ದೆ" ಅನ್ನುತ್ತಾರೆ. ಪ್ರಾಜೆಕ್ಟು ಮುಳುಗಿದರೆ ಅವರಿಗೆ ಬೇಸರವಿಲ್ಲ. ಮುಳುಗುತ್ತದೆಂದು ತಾವು ಹೇಳಿದ್ದಕ್ಕೆ ದಾಖಲೆ ಉಳಿಯಬೇಕು, ಅಷ್ಟೆ.

ಇಂಥವರಿಗೆಂದೇ 1999ರಲ್ಲಿ ಒರಾಕಲ್ 8ಐ ಬಂತು, ಅದರೊಳಗೆ ಅಟಾನಮಸ್ ಟ್ರಾನ್ಸಾಕ್ಷನ್. ಅದಕ್ಕೆ ಮುಂಚೆ ರಾಯರ ಪಾಡು ಹೇಳತೀರದು. ಸಂಬಳದ ಪ್ರೋಗ್ರಾಂ ನಡುವೆ ಎಡವಿ ರೋಲ್‌ಬ್ಯಾಕ್ ಆದರೆ, 'ಇಲ್ಲಿ ಎಡವಿತು' ಎಂದು ಬರೆದಿಟ್ಟ ಸಾಲೂ ಅದರ ಜೊತೆಗೇ ಅಳಿಸಿಹೋಗುತ್ತಿತ್ತು. ಆ ಒಂದು ಸಾಲು ಉಳಿಯಲೆಂದು ಕಮಿಟ್ ಹಾಕಿದರೆ ಅರ್ಧ ಮಂದಿಯ ಅರೆಬೆಂದ ಸಂಬಳವೂ ಖಾಯಂ! ಈಗ ಲಾಗ್ ಬರೆಯುವ ಪ್ರೊಸೀಜರಿನ ಡಿಕ್ಲರೇಷನ್ ಭಾಗದಲ್ಲಿ ಪ್ರಾಗ್ಮಾ ಎಂಬ ಸೂಚನೆಯ ಒಂದು ಸಾಲು ಹಾಕಿದರಾಯಿತು. ಒಂದೇ ಮನೆಯಲ್ಲಿದ್ದೂ ಬೇರೆ ಒಲೆ ಹೂಡಿದ ಹಾಗೆ. ಅದರ ಕಮಿಟ್ ಅದಕ್ಕೆ; ಮುಖ್ಯ ಟ್ರಾನ್ಸಾಕ್ಷನ್ ಮಣ್ಣುಪಾಲಾದರೂ ಇದು ಬರೆದದ್ದು ಅಲುಗುವುದಿಲ್ಲ. ಕಮಿಟನ್ನೋ ರೋಲ್‌ಬ್ಯಾಕನ್ನೋ ಮರೆತು ಹೊರಬಿದ್ದರೆ ಮಾತ್ರ ಓರಾ-06519 ಎಂದು ಗದರಿಸಿ, ಬರೆದದ್ದನ್ನೂ ಅಳಿಸುತ್ತದೆ. ರಾಯರು ಮರೆಯುವ ಪೈಕಿಯಲ್ಲ.

ಲಾಗಿಗಷ್ಟೇ ಬಳಸಿದ್ದರೆ ಯಾರ ತಕರಾರೂ ಇರಲಿಲ್ಲ. ರಾಯರು ಕಂಡಕಂಡಲ್ಲಿ ಅದನ್ನೇ ಹಚ್ಚತೊಡಗಿದರು. ವಿಭಾಗದ ಒಟ್ಟು ಸಂಬಳ ಮಿತಿ ಮೀರದಂತೆ ಕಾಯಲು ಹೊಸ ಹುಡುಗಿಯೊಬ್ಬಳು ಟ್ರಿಗರ್ ಬರೆದಳು. ಟೇಬಲ್ ಬದಲಾಗುತ್ತಿದೆ, ಈಗ ಓದಲಾಗದು ಎಂದು ಓರಾ-04091 ಬಂತು.

"ಒಂದು ಪ್ರಾಗ್ಮಾ ಹಾಕಮ್ಮ, ಹೋಗುತ್ತೆ."

ಹೋಯಿತು. ಮಿತಿಯೂ ಹೋಯಿತು.

"ಸಾರ್, ಮಿತಿ ದಾಟಿಸಿದ್ರೂ ಬಿಡ್ತಾ ಇದೆ!"

ಬಿಡದೆ ಏನು ಮಾಡೀತು? ಮುಖ್ಯ ಟ್ರಾನ್ಸಾಕ್ಷನ್ ಇನ್ನೂ ಕಮಿಟ್ ಮಾಡದ ಬದಲಾವಣೆ ಬೇರೆಯಾದವನ ಕಣ್ಣಿಗೆ ಬೀಳುವುದಿಲ್ಲ. ಟ್ರಿಗರ್ ಏರಿಕೆಗೆ ಮುಂಚಿನ ಸಂಬಳಗಳನ್ನೇ ಶ್ರದ್ಧೆಯಿಂದ ಕೂಡಿ, ಎಲ್ಲ ಸರಿಯಿದೆ ಅನ್ನುತ್ತಿತ್ತು. (ಆಡಿಟರುಗಳಲ್ಲೂ ಇಂಥವರುಂಟು, ಆ ಮಾತು ಇಲ್ಲಿ ಬೇಡ.)

ಇನ್ನೊಮ್ಮೆ ಮುಖ್ಯ ಟ್ರಾನ್ಸಾಕ್ಷನ್ ತಿದ್ದಿ ಲಾಕ್ ಮಾಡಿದ್ದ ಸಾಲನ್ನೇ ಅದು ಕರೆದ ಅಟಾನಮಸ್ಸೂ ತಿದ್ದಲು ಹೋಯಿತು. ಲಾಕ್ ಬಿಡಲೆಂದು ಇದು ಕಾದರೆ, ಇದು ಮುಗಿಸಿ ಬರಲೆಂದು ಅದು ಕಾಯಿತು. ಓರಾ-00060, ಡೆಡ್‌ಲಾಕ್. ಸಾಮಾನ್ಯವಾಗಿ ಈ ಕೆಲಸಕ್ಕೆ ಇಬ್ಬರು ಬೇಕು. ರಾಯರು ಒಂದೇ ಸೆಷನ್ನಿನಲ್ಲಿ ಒಬ್ಬರೇ ಸಾಧಿಸಿದರು.

ಏಪ್ರಿಲ್‌ನಲ್ಲಿ ಇನ್‌ಕ್ರಿಮೆಂಟ್ ಪ್ರೋಗ್ರಾಂ ಕೊನೆಯ ಹೆಸರಿಗೆ ಬಂದು ಬಿತ್ತು, ಎಲ್ಲರದ್ದೂ ರೋಲ್‌ಬ್ಯಾಕ್. ಲಾಗ್ ಟೇಬಲ್ ಮಾತ್ರ ಕಲ್ಲಿನಂತೆ ಕೂತಿತ್ತು, ರಾಯರ ಹೆಸರಿನ ಮುಂದೆ 'ಏರಿಕೆ ಯಶಸ್ವಿ'. ಅದರ ಪ್ರಿಂಟ್ ತೆಗೆದು ಎಚ್‌ಆರ್ ಹುಡುಗನ ಮೇಜಿನ ಮೇಲಿಟ್ಟರು.

"ಸಿಸ್ಟಮ್‌ನಲ್ಲಿ ಹಳೇ ಸಂಬಳಾನೇ ಇದೆಯಲ್ಲ ಸಾರ್?"

"ಅದು ಬೇರೆ ಟೇಬಲ್ಲಪ್ಪ. ನಾನು ತೋರಿಸ್ತಿರೋದು ದಾಖಲೆ."

ಹುಡುಗ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಸರಿ ಸಾರ್. ಹೆಚ್ಚಿನ ದುಡ್ಡು ಕೊಟ್ಟಾಯ್ತು ಅಂತ ಅದರಲ್ಲೇ ಇನ್ನೊಂದು ಸಾಲು ಹಾಕಿಸ್ಬಿಡ್ತೀನಿ."