ಡೇರೆಯೊಳಗಿನ ದೊರೆಸಾನಿ

ಬರ್ಲಿನ್ನಿನ ಬಾಡಿಗೆ ಮನೆಯೊಂದರ ಮಲಗುವ ಕೋಣೆ. ಮೂಲೆಯಲ್ಲಿ ಜಿಪ್ ಹಾಕಿದ ಕಪ್ಪು ಡೇರೆ, ಒಳಗೆ ಕಣ್ಣು ಕುಕ್ಕುವ ಎಲ್‌ಇಡಿ ದೀಪ, ಮೂರು ಕುಂಡ. 2024ರ ಏಪ್ರಿಲ್ 1ರಿಂದ ಜರ್ಮನಿಯಲ್ಲಿ ವಯಸ್ಕರೊಬ್ಬರು ಮನೆಯಲ್ಲಿ ಮೂರೇ ಮೂರು ಗಾಂಜಾ ಗಿಡ ಬೆಳೆಸಬಹುದು. ಮನೆಯ ಹುಡುಗ ಬಾಗಲಕೋಟೆ ಕಡೆಯವನು, ಸಾಫ್ಟ್‌ವೇರ್ ಕೆಲಸ. ಬೇಸಾಯದಲ್ಲಿ ಇದೇ ಚೊಚ್ಚಲ ಬೆಳೆ. ಅವನು ಆಫೀಸಿಗೆ ಹೋದ ಹೊತ್ತು ನೋಡಿ ನಡುವಿನ ಕುಂಡದ ಗಿಡವನ್ನು ಮಾತಾಡಿಸಿದೆವು.

ನಾವು: ಕನ್ನಡ ಬರುತ್ತದೆಯೇ?

ಗಿಡ: ಬರದೇನ್ರಿ? ದಿನಾ ರಾತ್ರಿ ಇವ ಅವ್ವನ ಕೂಡ ಫೋನಿನಾಗ ಮಾತಾಡ್ತಾನ, ನಾ ಇಲ್ಲೇ ನಿಂತು ಕೇಳ್ತೀನಿ. ಹೋದ ವಾರ ಜಿಪ್ ಹಾಕೂದು ಮರತಿದ್ದ. ವಿಡಿಯೊದಾಗ ಅವ್ವಾರು ನನ್ನ ನೋಡಿ, "ಏ ತಮ್ಮಾ, ಪುಂಡಿಪಲ್ಲೆ ಹಾಕೀಯೇನು? ಛಲೋ ಬಂದೈತಿ. ನಾಕು ಎಲಿ ಹರದು ಬ್ಯಾಳಿ ಹಾಕಿ ಕುದಸು" ಅಂದ್ರು. ಇವ "ಹೂಂ ಅವ್ವಾ" ಅಂದ. ಅವರದೇನು ತಪ್ಪಿಲ್ಲ ಬಿಡ್ರಿ, ಪುಂಡಿಗೆ ಪಂಡಿತರು ಕ್ಯಾನಬಿನಸ್ ಅಂತ ಹೆಸರಿಟ್ಟದ್ದೂ ನನ್ನ ಎಲಿ ನೆನಸಿಕೊಂಡನ.

ನಾವು: ಆರೈಕೆ ಹೇಗಿದೆ?

ಗಿಡ: ಅದನ್ನ ಕೇಳಬ್ಯಾಡ್ರಿ. ನಮ್ಮ ಹಿರಿಯರು ಹಿಂದೂಕುಷದಾಗ, ಹಿಮಾಲಯದ ಬುಡದಾಗ, ತಿಪ್ಪಿ ಬಾಜು, ರಸ್ತಾದ ದಂಡಿಗೆ ಯಾರನ್ನೂ ಕೇಳದನ ಬೆಳದವರು. ನನಗ ನೋಡ್ರಿ, ಫ್ಯಾನ್ ಎರಡು, ವಾಸನಿ ಹೀರಾಕ ಇದ್ದಲಿ ತುಂಬಿದ ಕೊಳವಿ ಒಂದು, ಗಾಳಿಯೊಳಗ ಹಸಿ ಎಷ್ಟೈತಿ ಅಂತ ಮೊಬೈಲಿಗೆ ಹೇಳೂ ಡಬ್ಬಿ ಒಂದು. ನೀರಿನ ಹುಳಿ ಅಳಿಯಾಕ ಬ್ಯಾರೆ ಮೀಟರು. ತಾನು ಮಾತ್ರ ಫ್ರಿಜ್ಜಿನಾಗಿನ ಹಳೇ ಅನ್ನ ಮೂಸಿ ಸುದ್ದಾ ನೋಡಂಗಿಲ್ಲ, ತಿಂದು ಬಿಡ್ತಾನ. ನೀರು ಹೆಚ್ಚಾಗಿ ನನ್ನ ಎಲಿ ಜೋತು ಬಿದ್ವು ಅನ್ರಿ, "ಪಾಪ, ನೀರಡಿಸೇತಿ" ಅಂತ ಮತ್ತೊಂದು ತಂಬಿಗಿ ಸುರೀತಾನ! ಬೇರಿಗೂ ಗಾಳಿ ಬೇಕಲ್ರಿ? ಹೊಸಬರ ಕೈಯಾಗ ನಮ್ಮವರು ಹಸದು ಸಾಯೂದಿಲ್ಲ, ಅಕ್ಕರತಿ ಹೆಚ್ಚಾಗಿ ಸಾಯ್ತಾರ.

ನಾವು: ನಿದ್ದೆ?

ಗಿಡ: ಹಗಲು ಸಣ್ಣದಾದ್ರ ನಮಗ ಹೂ ಬಿಡೂ ಮನಸಾಗ್ತೈತಿ. ಅದಕ್ಕಂತ ಟೈಮರ್ ಇಟ್ಟು ಹನ್ನೆರಡು ತಾಸು ಕತ್ತಲಿ ಮಾಡ್ಯಾನ. ನಡುರಾತ್ರ್ಯಾಗ ಟಾರ್ಚ್ ಹಿಡಕೊಂಡು ನಾ ಮಲಗೀನೋ ಇಲ್ಲೋ ನೋಡಾಕ ಬರಾಂವನೂ ಇವನ.

ನಾವು: ಈ ಮೂವರಲ್ಲಿ ಗಂಡು ಯಾರು?

ಗಿಡ: ಗಂಡಿಗೆ ಇಲ್ಲಿ ಜಾಗಾ ಇಲ್ರಿ. ನಮ್ಮೊಳಗ ಗಂಡಿನ ಗಿಡ ಬ್ಯಾರೆ, ಹೆಣ್ಣಿನ ಗಿಡ ಬ್ಯಾರೆ. ಗಂಡಿನ ಪರಾಗ ಬಿತ್ತಂದ್ರ ಹೂವಿನ ತುಂಬ ಬೀಜ. ಅದಕ್ಕ ಹೆಣ್ಣ ಹುಟ್ಟೂ ಬೀಜ ಅಂತ ಪಾಕೀಟಿನ ಮ್ಯಾಲ ಬರದು ಮಾರ್ತಾರ. ಹೆಣ್ಣ ಹುಟ್ಟಲಿ ಅಂತ ಮಂದಿ ಹೆಚ್ಚಿಗಿ ರೊಕ್ಕ ಕೊಡೂದು ನಾ ಕಂಡಂಗ ಇದೊಂದರಾಗ.

ನಾವು: ಕಾನೂನಿನ ಕಾಟ ಇಲ್ಲವಲ್ಲ?

ಗಿಡ: ಮೂರು ಗಿಡ ಇಡು ಅಂತೈತಿ. ಮನ್ಯಾಗ 50 ಗ್ರಾಮಿಗಿಂತ ಹೆಚ್ಚು ಒಣಗಿದ ಮಾಲು ಇಡಬ್ಯಾಡ ಅಂತನೂ ಐತಿ. ನಾವೇನು ತಕ್ಕಡಿ ನೋಡಿ ಹೂ ಬಿಡ್ತೀವೇನು? ಮನಸು ಮಾಡಿದ್ರ ನಾನೊಬ್ಬಾಕಿನ ಅಷ್ಟು ಕೊಟ್ಟೇನು. ಹೆಚ್ಚಾದದ್ದನ್ನ ನಾಶ ಮಾಡಬೇಕು. ಮಾರೂದು ದೂರ ಉಳೀತು, ಬಾಜು ಮನಿಯವರಿಗೆ ಪುಕ್ಕಟ ಕೊಟ್ರೂ ಗುನ್ನೆ. ಹೀರಿಕಾಯಿ ಹೆಚ್ಚಾದ್ರ ಓಣಿ ತುಂಬ ಹಂಚೂ ಮನಿತನದಾಗ ಹುಟ್ಟಿದ ಹುಡುಗ್ರಿ ಇವ, ಸಂಕಟ ಆಗೂದಿಲ್ಲೇನು? ಸಣ್ಣ ಹುಡುಗರ ಕೈಗೆ ಸಿಗದಂಗ ಇಡಬೇಕು ಅಂತನೂ ಬರದಾರ. ಅದು ಮಾತ್ರ ನ್ಯಾಯ. ಬೆಳಿಯೂ ಮಿದುಳಿಗೆ ನಾ ಒಳ್ಳೇದಲ್ಲ.

ನಾವು: ಭಾರತಕ್ಕೆ ಬರುವ ಆಸೆ ಇದೆಯೇ?

ಗಿಡ: 1785ರಾಗ ಲಮಾರ್ಕ್ ಅನ್ನೂ ಫ್ರೆಂಚ್ ಪಂಡಿತ ನಿಮ್ಮ ಕಡಿ ಗಿಡ ನೋಡಿ 'ಇಂಡಿಕಾ' ಅಂತ ಹೆಸರು ಕೊಟ್ಟ. ಬರೋಬ್ಬರಿ ಇನ್ನೂರು ವರ್ಷಕ್ಕ, 1985ರಾಗ, ಇಂಡಿಯಾನ ಕಾಯ್ದೆ ಮಾಡಿ ನನ್ನ ಹೊರಗ ಹಾಕ್ತು. ಕುಂಡದಾಗ ಒಂದ ಗಿಡ ಬೆಳಸಿದ್ರೂ ಹತ್ತು ವರ್ಷದ ತನಕ ಕಠಿಣ ಸಜಾ, ಲಕ್ಷ ರೂಪಾಯಿ ತನಕ ದಂಡ. ತೆನಿ ಇಲ್ಲದ ಬರೇ ಎಲಿ ಮಾತ್ರ ಆ ಕಾಯ್ದೆದಾಗ ಗಾಂಜಾ ಅಲ್ಲಂತ! ಅದಕ್ಕ ಕಾಶಿಯೊಳಗ ಸರಕಾರದ ಲೈಸನ್ಸ್ ಇರೂ ಭಂಗಿ ಅಂಗಡಿ ಅದಾವ. ನನ್ನ ಎಲಿ ಗುಡಿ ಮುಂದ, ತಲಿ ಜೇಲಿನಾಗ.

ನಾವು: ಕೊಯ್ಲು ಯಾವಾಗ?

ಗಿಡ: ಅಕ್ಕಸಾಲಿಗ ಹರಳು ನೋಡಿದಂಗ ದಿನಾ ಭೂತಗನ್ನಡಿ ಹಿಡದು ನನ್ನ ಹೂ ನೋಡ್ತಾನ. ಮ್ಯಾಲಿನ ಅಂಟಿನ ಹನಿ ಬೆಳ್ಳಗಾತೋ, ಕೆಂಪಗಾತೋ ಅಂತ ಲೆಕ್ಕಾ ಬರಕೊಂತಾನ. ಕತ್ರಿ ತಂದು ಇಟ್ಟಾನ, ಕೈ ಬರವಲ್ದು. ನಿಮಗಷ್ಟ ಹೇಳ್ತೀನಿ, ಇವ ಸೇದಂಗಿಲ್ರಿ! ಒಮ್ಮೆ ಗೆಳ್ಯಾರ ಕೂಡ ಒಂದು ದಮ್ಮು ಎಳದು, ಬೆಳತನಕ ಎದಿ ಹಿಡಕೊಂಡು ಕುಂತಿದ್ನಂತ. ಬೆಳಸೂ ಚಟ ಅಷ್ಟ ಹತ್ತೇತಿ. ಕರೆಂಟ್ ಬಿಲ್ ಬಂದ ದಿನ ನನ್ನ ಮಾರಿ ನೋಡಂಗಿಲ್ಲ, ಮರುದಿನ ಇನ್ನೊಂದು ದೀಪಕ್ಕ ಆರ್ಡರ್ ಹಾಕ್ತಾನ.