ಹಸುವಿನ ಪರವಾಗಿ ವಕಾಲತ್ತು

ರಾಕ್ ಸಂಗೀತದ ಅಭಿಮಾನಿಗಳಿಗೆ ‘ಮತ್ತೆ ಕೇಳಲೇಬೇಕಾದ ಆಲ್ಬಮ್‌ಗಳ’ ಪಟ್ಟಿ ಮಾಡುವುದೊಂದು ಚಟ. ಪಟ್ಟಿ ಯಾರದೇ ಇರಲಿ, ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಅದರಲ್ಲಿ ಇದ್ದೇ ಇರುತ್ತದೆ. ಇದೇ ನನಗೆ ಒಗಟು. 1973ರಲ್ಲಿ ಬಂದ ಆ ಆಲ್ಬಮ್ 1988ರ ಹೊತ್ತಿಗೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 700ಕ್ಕೂ ಹೆಚ್ಚು ವಾರ ಕಳೆದಿತ್ತು. ಬಂದು ಬೀಡುಬಿಟ್ಟು ಹೊರಡುವ ಮಾತೇ ಆಡದ ನೆಂಟರಿಗೆ ‘ಇನ್ನೊಮ್ಮೆ ಬನ್ನಿ’ ಎಂದು ಯಾರು ಹೇಳುತ್ತಾರೆ? ಯಾವುದನ್ನಾದರೂ ಮರಳಿ ಕೇಳಬೇಕೆಂದರೆ ಮೊದಲು ಅದನ್ನು ಕೇಳುವುದು ಬಿಟ್ಟಿರಬೇಕು. ಆದ್ದರಿಂದ ನನ್ನ ವಾದವಿಷ್ಟೆ: ಮತ್ತೆ ಕೇಳಬೇಕಾದದ್ದು ಹೊಗಳಿಸಿಕೊಂಡ ಆಲ್ಬಮನ್ನಲ್ಲ, ಬೈಸಿಕೊಂಡದ್ದನ್ನು.

ಮೊದಲ ಸಾಕ್ಷಿಯಾಗಿ ಇದೇ ತಂಡದ ‘ಆಟಮ್ ಹಾರ್ಟ್ ಮದರ್’ ಬರಲಿ. ಅದು ಬಂದದ್ದು 1970ರಲ್ಲಿ. ಮುಖಪುಟದಲ್ಲಿ ತಂಡದ ಹೆಸರಿಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ಹುಲ್ಲುಗಾವಲಲ್ಲಿ ನಿಂತು ಹಿಂದಿರುಗಿ ನೋಡುತ್ತಿರುವ ಒಂದು ಹಸು ಮಾತ್ರ ಇದೆ. ಅದರ ಹೆಸರು ಮೂರನೆಯ ಲುಲುಬೆಲ್. ರಾಜವಂಶದ ಗತ್ತಿಗೇನೂ ಕೊರತೆಯಿಲ್ಲ. ಒಳಗೆ ಮೊದಲ ಬದಿಯ ತುಂಬ ಒಂದೇ ಕೃತಿ, 23 ನಿಮಿಷ ಮೀರಿದ್ದು. ಹಿತ್ತಾಳೆ ವಾದ್ಯಗಳು, ಚೆಲ್ಲೊ, ವೃಂದಗಾನ ಎಲ್ಲವೂ ಸೇರಿದ ಗದ್ದಲ. ಆಲ್ಬಮ್ಮಿನ ಕೊನೆಯ ಕೃತಿಯಂತೂ ತಂಡದ ಸಿಬ್ಬಂದಿಯೊಬ್ಬನ ಬೆಳಗಿನ ಉಪಾಹಾರ. ಬಾಣಲೆಯ ಚಟಪಟವೂ ಅಗಿಯುವ ಸದ್ದೂ ಸಂಗೀತದ ನಡುನಡುವೆ ಸುಮಾರು 13 ನಿಮಿಷ ಕೇಳಿಸುತ್ತವೆ. ತಿಂಡಿ ಮುಗಿದರೂ ನಲ್ಲಿ ತೊಟ್ಟಿಕ್ಕುವುದು ನಿಲ್ಲುವುದಿಲ್ಲ. ಆಗಿನ ಬ್ರಿಟಿಷ್ ಎಲ್‌ಪಿ ತಟ್ಟೆಯಲ್ಲಾದರೆ ಅದಕ್ಕೆ ಪ್ಲಂಬರ್ ಸಾಲದು, ಮುಳ್ಳನ್ನೇ ಎತ್ತಬೇಕು. ಇಷ್ಟಾದರೂ ಕಿವಿಗೊಟ್ಟವರಿಗೆ ಇಲ್ಲಿ ಮುಂದಿನದೆಲ್ಲ ಸಿಗುತ್ತದೆ. ಒಂದು ಇಡೀ ಬದಿಯನ್ನು ಒಂದೇ ಕೃತಿಯಲ್ಲಿ ಹಿಡಿದಿಡುವ ಈ ಸಾಹಸ ಮರುವರ್ಷ ‘ಎಕೋಸ್’ನಲ್ಲಿ ಹದಕ್ಕೆ ಬಂತು. ಅಡುಗೆಮನೆಯ ಸದ್ದನ್ನು ಸಂಗೀತವಾಗಿಸಲು ಹೊರಟವರೇ 1973ರ ‘ಮನಿ’ಯಲ್ಲಿ ಗಲ್ಲಾಪೆಟ್ಟಿಗೆಯ ಝಣಝಣವನ್ನು ತಾಳಕ್ಕೆ ಕೂರಿಸಿದರು. ಮೇರುಕೃತಿಯಲ್ಲಿ ಗೆಲುವು ಮಾತ್ರ ಕಾಣುತ್ತದೆ. ಅದಕ್ಕೆ ಮುಂಚೆ ಎಡವಿದ್ದೆಲ್ಲ ಕಾಣುವುದು ಇಲ್ಲೇ.

‘ಮಾಡಿದವರೇ ಅದನ್ನು ಹಳಿದಿದ್ದಾರಲ್ಲ, ನಿಮ್ಮದೇನು ಹೆಚ್ಚುಗಾರಿಕೆ?’ ಎಂಬ ಆಕ್ಷೇಪ ಉಂಟು. ನಿಜ. ದಶಕಗಳ ಕಾಲ ಜಗಳವಾಡಿದ ರಾಜರ್ ವಾಟರ್ಸ್ ಮತ್ತು ಡೇವಿಡ್ ಗಿಲ್ಮರ್ ಒಮ್ಮತಕ್ಕೆ ಬಂದ ಅಪರೂಪದ ವಿಷಯಗಳಲ್ಲಿ ಇದೂ ಒಂದು. ಆದರೆ ಕಲಾವಿದರ ನಾಲಿಗೆಗಿಂತ ನಡತೆಯನ್ನು ನಂಬುವುದು ಕ್ಷೇಮ. ಗಿಲ್ಮರ್ ತಮ್ಮ 2006ರ ಪ್ರವಾಸದಲ್ಲಿ ಇದೇ ಆಲ್ಬಮ್ಮಿನ ‘ಫ್ಯಾಟ್ ಓಲ್ಡ್ ಸನ್’ ಹಾಡಿದರು. 2008ರಲ್ಲಿ, ಮೊದಲ ಬದಿಯ ಆ ಕೃತಿಯ ವೃಂದವಾದ್ಯದ ಭಾಗವನ್ನು ರಚಿಸಿದ್ದ ರಾನ್ ಗೀಸಿನ್ ಅದನ್ನು ಲಂಡನ್ನಿನಲ್ಲಿ ಮತ್ತೆ ನುಡಿಸಿದಾಗ, ಗಿಟಾರ್ ಹಿಡಿದು ಹೋಗಿ ಸೇರಿಕೊಂಡರು. ಬಾಯಿ ಬೈದದ್ದನ್ನು ಬೆರಳು ಒಪ್ಪಿಲ್ಲವೆಂದೇ ನನ್ನ ತೀರ್ಮಾನ.

‘ಹಾಗಾದರೆ ಸೋತದ್ದೆಲ್ಲ ಶ್ರೇಷ್ಠವೋ?’ ಎಂದರೆ, ಖಂಡಿತ ಅಲ್ಲ. ಲೂ ರೀಡ್ 1975ರಲ್ಲಿ ಗಿಟಾರ್ ಫೀಡ್‌ಬ್ಯಾಕಿನ ಕಿರುಚಾಟವನ್ನೇ ಎರಡು ತಟ್ಟೆಗಳ ತುಂಬ ತುಂಬಿಕೊಟ್ಟ. ಅದಕ್ಕೂ ಭಕ್ತರಿದ್ದಾರೆ, ನನ್ನ ಕಿವಿಗೆ ಅಷ್ಟು ಪುಣ್ಯವಿಲ್ಲ. ಬೈಗುಳ ತಿಂದ ಆಲ್ಬಮ್ಮಿನಲ್ಲಿ ಮುಂದಿನ ದಾರಿಯ ಜಾಡು ಇರಬೇಕು, ಅದು ನನ್ನ ಷರತ್ತು. ‘ಲೆಡ್ ಝೆಪೆಲಿನ್ 3’ರಲ್ಲಿ ಅದಿದೆ. ಗುಡುಗನ್ನು ಕಾದವರಿಗೆ 1970ರಲ್ಲಿ ಅರ್ಧ ತಟ್ಟೆ ಅಕೌಸ್ಟಿಕ್ ಗಿಟಾರ್ ಬಡಿಸಿದ್ದಕ್ಕೆ ವಿಮರ್ಶಕರು ಮೂಗು ಮುರಿದರು. ಮರುವರ್ಷ ‘ಸ್ಟೇರ್‌ವೇ ಟು ಹೆವನ್’ ಶುರುವಾದದ್ದು ಅದೇ ಅಕೌಸ್ಟಿಕ್ ಮೆಲುದನಿಯಿಂದ. ಮೂರನೆಯದರ ‘ಫ್ರೆಂಡ್ಸ್’ ಹಾಡನ್ನಂತೂ ತಂಡದ ಪೇಜ್ ಮತ್ತು ಪ್ಲಾಂಟ್ 1972ರಲ್ಲಿ ಬಾಂಬೆಗೆ ಬಂದು, ಇಲ್ಲಿನ ವಾದ್ಯಗಾರರನ್ನು ಕೂರಿಸಿಕೊಂಡು ಮತ್ತೆ ಧ್ವನಿಮುದ್ರಿಸಿದರು. ಮರಳಿ ಕೇಳುವುದಿರಲಿ, ಇದು ಮರಳಿ ಮಾಡಿದ್ದು!

ನನ್ನ ಅಳತೆಗೋಲು ಕೈಕೊಡುವುದು ಫ್ಲೀಟ್‌ವುಡ್ ಮ್ಯಾಕ್ ಮುಂದೆ. 1977ರ ‘ರೂಮರ್ಸ್’ ಕೋಟಿಗಟ್ಟಲೆ ಮಾರಾಟವಾದ ಮೇಲೆ, ಅಂಥದ್ದೇ ಇನ್ನೊಂದು ಮಾಡಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಇವರು ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಸುರಿದು, ಲಾಸ್ ಏಂಜಲೀಸ್‌ನ ಕ್ರೀಡಾಂಗಣಕ್ಕೆ ವಿಶ್ವವಿದ್ಯಾಲಯದ ಬ್ಯಾಂಡಿನವರನ್ನು ಕರೆಸಿ ಊದಿಸಿ, 1979ರಲ್ಲಿ ‘ಟಸ್ಕ್’ ಎಂಬ ಜೋಡಿ ತಟ್ಟೆ ತಂದರು. ಮಾರಾಟ ‘ರೂಮರ್ಸ್’ನ ಹತ್ತಿರಕ್ಕೂ ಬರಲಿಲ್ಲ. ಆ ದಾರಿಯಲ್ಲಿ ತಂಡ ಮುಂದೆ ನಡೆಯಲೂ ಇಲ್ಲ. ಷರತ್ತಿನ ಪ್ರಕಾರ ನಾನು ಅದನ್ನು ಕೈಬಿಡಬೇಕು, ಬಿಡಲಾರೆ. 1982ರ ‘ಮಿರಾಜ್’ನಲ್ಲಿ ತಂಡ ಬುದ್ಧಿ ಕಲಿತು ಸುಲಲಿತ ಹಾಡುಗಳಿಗೆ ಮರಳಿತು, ಅಮೆರಿಕದಲ್ಲಿ ಮತ್ತೆ ಮೊದಲ ಸ್ಥಾನಕ್ಕೇರಿತು. ಅದನ್ನು ಇನ್ನೊಮ್ಮೆ ಕೇಳಿ ಎಂದು ನಾನು ಯಾರನ್ನೂ ಪೀಡಿಸುವುದಿಲ್ಲ.